ಕಾಯಿಲೆಯ ಹೆಸರು ಸಾಲದು: ದೀರ್ಘಕಾಲದ ರೋಗವಿದ್ದವರು ಡಿಸಬಿಲಿಟಿ ಕ್ಲೇಮ್ ಹಾಕುವ ಬಗೆ

ಕೈ ಮುರಿದವರ ಪರವಾಗಿ ಎಕ್ಸ್‌ರೇ ಸಾಕ್ಷಿ ಹೇಳುತ್ತದೆ. ರುಮಟಾಯ್ಡ್ ಸಂಧಿವಾತ, ಲೂಪಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಫೈಬ್ರೊಮಯಾಲ್ಜಿಯ, ಕ್ರೋನ್ಸ್ ಇರುವವರಿಗೆ ಆ ಅನುಕೂಲವಿಲ್ಲ. ಇವತ್ತು ಓಡಾಡಿದವರು ನಾಳೆ ಹಾಸಿಗೆ ಬಿಟ್ಟು ಏಳಲಾರರು. ರಕ್ತಪರೀಕ್ಷೆಯ ವರದಿ ಚೆನ್ನಾಗಿಯೇ ಬಂದಿರುತ್ತದೆ, ಬೆರಳು ಮಾತ್ರ ಮಡಚುವುದಿಲ್ಲ. ಇಂಥವರು ಡಿಸಬಿಲಿಟಿ ವಿಮೆಯ ಅರ್ಜಿ ಹಾಕಿದಾಗ ಸಾಮಾನ್ಯವಾಗಿ ಫೈಲಿನ ತುಂಬ ಕಾಯಿಲೆಯ ಪುರಾವೆ ತುಂಬಿಸುತ್ತಾರೆ. ಕಂಪನಿಯವರು ಅದನ್ನೆಲ್ಲ ಒಪ್ಪಿಕೊಳ್ಳುತ್ತಾರೆ, ಒಪ್ಪಿಕೊಂಡೇ ಕ್ಲೇಮ್ ತಿರಸ್ಕರಿಸುತ್ತಾರೆ. ‘ನಿಮಗೆ ಕಾಯಿಲೆ ಇದೆ ಸರಿ, ಅದರಿಂದ ಕೆಲಸ ಮಾಡಲಾಗದು ಎಂಬುದಕ್ಕೆ ಆಧಾರವೆಲ್ಲಿ?’ ಎಂಬುದು ಅವರ ಪ್ರಶ್ನೆ.

ಕೇಳಿದರೆ ಕಟುವೆನಿಸುತ್ತದೆ, ಆದರೆ ಪ್ರಶ್ನೆಯಲ್ಲಿ ತಪ್ಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಒಪ್ಪಿಕೊಂಡ ಐಸಿಎಫ್ ಎಂಬ, ಕಾರ್ಯಸಾಮರ್ಥ್ಯ ಮತ್ತು ವೈಕಲ್ಯಗಳ ವರ್ಗೀಕರಣ ಕೂಡ ರೋಗವನ್ನೂ ಅದರಿಂದ ಕೈತಪ್ಪುವ ಚಟುವಟಿಕೆಗಳನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ಒಂದೇ ರೋಗವಿರುವ ಇಬ್ಬರಲ್ಲಿ ಒಬ್ಬರು ದಿನವಿಡೀ ದುಡಿಯಬಹುದು, ಇನ್ನೊಬ್ಬರಿಗೆ ಅರ್ಧ ಗಂಟೆ ಕೂರುವುದೂ ಕಷ್ಟವಾಗಬಹುದು. ಹಾಗಾಗಿ ಇಲ್ಲಿ ಹೇಳುವ ಹಂತಗಳೆಲ್ಲ ಒಂದೇ ಕೆಲಸಕ್ಕೆ ಬರುತ್ತವೆ: ರೋಗದ ಭಾಷೆಯಲ್ಲಿರುವುದನ್ನು ಕೆಲಸದ ಭಾಷೆಗೆ ತರುವುದು.

ಮೊದಲು ಪಾಲಿಸಿ, ಆಮೇಲೆ ಅರ್ಜಿ

ಏಜೆಂಟ್ ಕೊಟ್ಟ ಎರಡು ಪುಟದ ಸಾರಾಂಶವನ್ನು ನೆಚ್ಚಿಕೊಳ್ಳಬೇಡಿ. ಪೂರ್ತಿ ಪಾಲಿಸಿ ದಾಖಲೆ ತರಿಸಿಕೊಳ್ಳಿ. ಉದ್ಯೋಗದ ಮೂಲಕ ಬಂದ ಗುಂಪು ವಿಮೆಯಾದರೆ ಎಚ್.ಆರ್. ವಿಭಾಗವನ್ನು ಲಿಖಿತವಾಗಿ ಕೇಳಿ.

ಅದು ನಿಜಕ್ಕೂ ನಿಮಗೆ ಬೇಕಾದ ವಿಮೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಅಪಘಾತ ವಿಮೆಯಲ್ಲೂ ಶಾಶ್ವತ ವೈಕಲ್ಯಕ್ಕೆ ಪರಿಹಾರವೆಂದು ಬರೆದಿರುತ್ತದೆ, ಆದರೆ ಅದು ಅಪಘಾತದಿಂದಾದ ವೈಕಲ್ಯಕ್ಕೆ ಮಾತ್ರ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಪಟ್ಟಿಯಲ್ಲಿರುವ ರೋಗ ನಿಗದಿತ ತೀವ್ರತೆಯಲ್ಲಿ ಪತ್ತೆಯಾದರೆ ಇಡಿಗಂಟು ಕೊಡುತ್ತದೆ. ಕೆಲಸಕ್ಕೆ ಹೋಗಲಾಗದ ತಿಂಗಳುಗಳಲ್ಲಿ ವರಮಾನದ ಒಂದು ಭಾಗವನ್ನು ತುಂಬಿಕೊಡುವುದು ಇವೆರಡೂ ಅಲ್ಲ, ಡಿಸಬಿಲಿಟಿ ಅಥವಾ ಆದಾಯ ರಕ್ಷಣಾ ವಿಮೆ.

ಪಾಲಿಸಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ‘ವೈಕಲ್ಯ’ದ ವ್ಯಾಖ್ಯೆ. ಕೆಲವು ಪಾಲಿಸಿಗಳು ‘ನಿಮ್ಮ ಸ್ವಂತ ಉದ್ಯೋಗ’ ಮಾಡಲಾಗದಿದ್ದರೆ ಸಾಕು ಎನ್ನುತ್ತವೆ. ಕೆಲವು ‘ನಿಮ್ಮ ವಿದ್ಯೆ, ಅನುಭವಕ್ಕೆ ಹೊಂದುವ ಯಾವುದೇ ಉದ್ಯೋಗ’ ಎನ್ನುತ್ತವೆ. ಎರಡಕ್ಕೂ ಅಜಗಜಾಂತರ. ಶಸ್ತ್ರವೈದ್ಯೆಗೆ ಕೈ ನಡುಗಲು ಶುರುವಾದರೆ ಮೊದಲ ವ್ಯಾಖ್ಯೆಯಲ್ಲಿ ಆಕೆ ಅರ್ಹಳು. ಎರಡನೆಯದರಲ್ಲಿ ‘ಪಾಠ ಹೇಳಬಹುದಲ್ಲ’ ಎಂದು ಕೇಳಬಹುದು. ಅನೇಕ ಗುಂಪು ಪಾಲಿಸಿಗಳು ಮೊದಲ 24 ತಿಂಗಳು ಸ್ವಂತ ಉದ್ಯೋಗವನ್ನು ನೋಡಿ, ಆಮೇಲೆ ಯಾವುದೇ ಉದ್ಯೋಗ ಎಂಬ ಅಳತೆಗೆ ಜಾರುತ್ತವೆ. ಆ ತಾರೀಕನ್ನು ಈಗಲೇ ಗುರುತು ಹಾಕಿಕೊಳ್ಳಿ. ಮೊದಲ ದಿನದಿಂದ ಹಣ ಬರುತ್ತಿದ್ದವರಿಗೂ ನಿಲ್ಲುವುದು ಹೆಚ್ಚಾಗಿ ಅಲ್ಲೇ.

ಉಳಿದವನ್ನು ಹುಡುಕಿ ಅಡಿಗೆರೆ ಎಳೆಯಿರಿ: ಹಣ ಶುರುವಾಗುವ ಮುಂಚಿನ ಕಾಯುವ ಅವಧಿ (90 ಅಥವಾ 180 ದಿನ ಸಾಮಾನ್ಯ), ಆ ನಡುವೆ ನಾಲ್ಕು ದಿನ ಕೆಲಸಕ್ಕೆ ಹೋದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆಯೇ ಎಂಬುದು, ಮೊದಲೇ ಇದ್ದ ಕಾಯಿಲೆಯ ಷರತ್ತು, ಭಾಗಶಃ ವೈಕಲ್ಯಕ್ಕೆ ಹಣವಿದೆಯೇ, ಬೇರೆ ನೆರವು ಬಂದರೆ ಎಷ್ಟು ಕಳೆಯುತ್ತಾರೆ, ತಿಳಿಸಲು ಎಷ್ಟು ದಿನದ ಗಡುವು. ಇನ್ನೊಂದು ಸಾಲು ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ಮಾನಸಿಕ ಕಾಯಿಲೆಗೂ, ರೋಗಿ ಹೇಳಿದ್ದನ್ನು ಬಿಟ್ಟು ಬೇರೆ ಪರೀಕ್ಷೆಯಲ್ಲಿ ಕಾಣದ ಲಕ್ಷಣಗಳಿಗೂ 24 ತಿಂಗಳಿಗಷ್ಟೇ ಹಣ ಎಂಬ ಮಿತಿ. ನೋವು, ಆಯಾಸ, ಮರೆವು ನಿಮ್ಮ ಮುಖ್ಯ ತೊಂದರೆಗಳಾಗಿದ್ದರೆ ಈ ಸಾಲು ನಿಮಗಾಗಿಯೇ ಬರೆದದ್ದು ಎಂದುಕೊಳ್ಳಿ.

ರಾಜೀನಾಮೆಗೆ ಸಹಿ ಹಾಕುವ ಮುನ್ನ

ದೀರ್ಘ ಕಾಯಿಲೆಯವರು ಕೆಲಸವನ್ನು ಒಮ್ಮೆಗೇ ಬಿಡುವುದಿಲ್ಲ. ಮೊದಲು ಜವಾಬ್ದಾರಿ ಇಳಿಸಿಕೊಳ್ಳುತ್ತಾರೆ, ಆಮೇಲೆ ವಾರಕ್ಕೆ ನಾಲ್ಕು ದಿನ, ಆಮೇಲೆ ಮೂರು. ಇದು ಮರ್ಯಾದಸ್ಥರ ದಾರಿಯೇನೋ ಹೌದು, ಆದರೆ ದುಬಾರಿ. ಪರಿಹಾರವನ್ನು ಲೆಕ್ಕ ಹಾಕುವುದು ವೈಕಲ್ಯ ಶುರುವಾಗುವ ಮುಂಚಿನ ಸಂಬಳದ ಮೇಲೆ. ಗಂಟೆಗಳನ್ನು ಇಳಿಸಿಕೊಂಡು ಸಂಬಳ ಅರ್ಧವಾದ ಮೇಲೆ ಕ್ಲೇಮ್ ಹಾಕಿದರೆ, ಆ ಅರ್ಧದ ಮೇಲೆ ಲೆಕ್ಕ ಹಾಕುವ ಸಾಧ್ಯತೆಯಿದೆ. ವಾರಕ್ಕೆ ಇಂತಿಷ್ಟು ಗಂಟೆ ದುಡಿಯುವವರಿಗಷ್ಟೇ ಅನ್ವಯಿಸುವ ಗುಂಪು ವಿಮೆಯಾದರೆ ರಕ್ಷಣೆಯೇ ತಪ್ಪಿಹೋಗಬಹುದು.

ಹಾಗಾಗಿ ಗಂಟೆ ಇಳಿಸುವ ಮಾತು ಬಂದಾಗಲೇ ಪಾಲಿಸಿ ತೆರೆದು ನೋಡಿ. ಇಳಿಸಲೇಬೇಕಾದರೆ ಅದು ವೈದ್ಯರ ಸಲಹೆಯಂತೆ, ಕಾಯಿಲೆಯ ಕಾರಣಕ್ಕೆ ಎಂದು ಬರಹದಲ್ಲಿರಲಿ. ‘ವೈಯಕ್ತಿಕ ಕಾರಣಗಳಿಂದ’ ಎಂಬ ರಾಜೀನಾಮೆ ಪತ್ರ ಮುಂದೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಉದ್ಯೋಗದ ಜೊತೆಗೇ ವಿಮೆಯೂ ಮುಗಿಯುವುದಾದರೆ, ಕೆಲಸದಲ್ಲಿದ್ದಾಗಲೇ ವೈಕಲ್ಯ ಶುರುವಾಯಿತು ಎಂಬುದು ದಾಖಲೆಯಲ್ಲಿ ಬರಬೇಕು.

ನಿಮ್ಮ ಕೆಲಸವನ್ನು ಬಿಡಿಸಿ ಬರೆಯಿರಿ

ಹುದ್ದೆಯ ಹೆಸರು ಏನನ್ನೂ ಹೇಳುವುದಿಲ್ಲ. ‘ಅಕೌಂಟೆಂಟ್’ ಎಂದರೆ ಕಂಪನಿಯವರ ಕಣ್ಣಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಹಗುರ ಕೆಲಸ. ಅಮೆರಿಕದ ಕಾರ್ಮಿಕ ಇಲಾಖೆಯ ವರ್ಗೀಕರಣದಲ್ಲಿ ಕೂತು ಮಾಡುವ ಕೆಲಸವೆಂದರೆ ಒಮ್ಮೊಮ್ಮೆ ಹೆಚ್ಚೆಂದರೆ 10 ಪೌಂಡ್, ಅಂದರೆ ಸುಮಾರು 4.5 ಕಿಲೋ ಎತ್ತುವುದು, ಬಹುಪಾಲು ಹೊತ್ತು ಕೂತಿರುವುದು. ಅದರಲ್ಲಿ ತಲೆಯ ಕೆಲಸಕ್ಕೆ ಲೆಕ್ಕವೇ ಇಲ್ಲ.

ಆದ್ದರಿಂದ ನೀವೇ ಒಂದು ಪುಟ ಬರೆಯಿರಿ. ಎಷ್ಟು ಹೊತ್ತು ಒಂದೇ ಭಂಗಿಯಲ್ಲಿ ಕೂರಬೇಕು, ಎಷ್ಟು ಹೊತ್ತು ಕೀಬೋರ್ಡ್, ದಿನಕ್ಕೆ ಎಷ್ಟು ಮೀಟಿಂಗ್, ಏಕಕಾಲಕ್ಕೆ ಎಷ್ಟು ವಿಷಯ ತಲೆಯಲ್ಲಿಟ್ಟುಕೊಳ್ಳಬೇಕು, ತಪ್ಪಾದರೆ ಏನಾಗುತ್ತದೆ, ಗಡುವುಗಳು ಎಷ್ಟು ಬಿಗಿ. ಪ್ರತಿಯೊಂದರ ಪಕ್ಕ ಈಗ ಅದರಲ್ಲಿ ಯಾವುದು ಎಷ್ಟರ ಮಟ್ಟಿಗೆ ಆಗುತ್ತಿದೆ ಎಂದು ಬರೆಯಿರಿ. ಹಾಜರಾತಿಯನ್ನು ಮರೆಯಬೇಡಿ. ಬಂದ ದಿನ ಎಲ್ಲವನ್ನೂ ಮಾಡಬಲ್ಲ, ಆದರೆ ತಿಂಗಳಲ್ಲಿ ಯಾವ ಆರು ದಿನ ಬರಲಾಗದು ಎಂದು ಮೊದಲೇ ಹೇಳಲಾಗದ ನೌಕರನನ್ನು ಯಾವ ಸಂಸ್ಥೆ ಇಟ್ಟುಕೊಳ್ಳುತ್ತದೆ? ಏರುಪೇರಿನ ಕಾಯಿಲೆಗಳಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿಯಾದ ವಾದ, ಅರ್ಜಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಕಾಣುವುದೂ ಇದೇ.

ಸಹೋದ್ಯೋಗಿಯೋ ಮೇಲಧಿಕಾರಿಯೋ ತಾವು ಕಣ್ಣಾರೆ ಕಂಡದ್ದನ್ನು ನಾಲ್ಕು ಸಾಲಲ್ಲಿ ಬರೆದುಕೊಟ್ಟರೆ ಜೋಪಾನವಾಗಿಡಿ. ‘ಪಾಪ, ತುಂಬ ಕಷ್ಟದಲ್ಲಿದ್ದಾರೆ’ ಎಂಬ ಪತ್ರದಿಂದ ಪ್ರಯೋಜನವಿಲ್ಲ. ‘ಮಧ್ಯಾಹ್ನದ ಮೇಲೆ ಇವರು ಸಿದ್ಧಪಡಿಸಿದ ಲೆಕ್ಕವನ್ನು ನಾನು ಮತ್ತೆ ಪರಿಶೀಲಿಸಬೇಕಾಗುತ್ತಿತ್ತು’ ಎಂದಿದ್ದರೆ ಉಂಟು.

ದಿನಚರಿ: ಬೇಸರದ ಕೆಲಸ, ಆದರೆ ಕೈಬಿಡಬೇಡಿ

‘ಇವತ್ತು ತುಂಬಾ ಸುಸ್ತು, ನೋವು ಜಾಸ್ತಿ’ ಎಂದು ನೂರು ದಿನ ಬರೆದರೂ ಅದು ಕ್ಲೇಮಿಗೆ ಸಾಕ್ಷಿಯಾಗುವುದಿಲ್ಲ. ಓದುವ ಅಧಿಕಾರಿಗೂ ಸಂಜೆ ಹೊತ್ತಿಗೆ ಸುಸ್ತಾಗುತ್ತದೆ. ಬರೆಯಬೇಕಾದ್ದು ಏನು ಮಾಡಿದಿರಿ, ಎಷ್ಟು ಹೊತ್ತು, ಯಾಕೆ ನಿಲ್ಲಿಸಿದಿರಿ, ಆಮೇಲೆ ಏನಾಯಿತು. ಮಾದರಿಗೆ ಇದನ್ನು ನೋಡಿ:

‘ಬೆಳಿಗ್ಗೆ 10ಕ್ಕೆ ಕಂಪ್ಯೂಟರ್ ಮುಂದೆ ಕೂತೆ. 20 ನಿಮಿಷಕ್ಕೆ ಬಲಗೈ ಬೆರಳು ಬಿಗಿದು ಮೌಸ್ ಹಿಡಿಯಲಾಗಲಿಲ್ಲ. ಒಂದೇ ಮೇಲನ್ನು ಮೂರು ಸಲ ಓದಿದೆ. ಮಲಗಿ 1 ಗಂಟೆಗೆ ಎದ್ದೆ. ಸ್ನಾನ ಮುಂದೂಡಿದೆ. ಮರುದಿನ ಬೆಳಗಿನ ಬಿಗಿತ ಎರಡು ಗಂಟೆ.’

ಆರು ಸಾಲಷ್ಟೇ. ಇದರಲ್ಲಿ ಅಳಲು ಇಲ್ಲ, ಅಳತೆಯಿದೆ. ಔಷಧದ ಅಡ್ಡ ಪರಿಣಾಮಗಳನ್ನೂ ಹೀಗೆಯೇ ಬರೆಯಿರಿ. ರೋಗ ಹತೋಟಿಯಲ್ಲಿಡುವ ಮಾತ್ರೆಯೇ ಮಂಪರು ತಂದರೆ ಅದೂ ಕೆಲಸಕ್ಕೆ ಅಡ್ಡಿಯೇ.

ಒಳ್ಳೆಯ ದಿನಗಳನ್ನು ಬಿಟ್ಟುಬಿಡುವ ಆಸೆಯಾಗುತ್ತದೆ, ಬಿಡಬೇಡಿ. ಮೂವತ್ತು ದಿನವೂ ಕೆಟ್ಟದೆಂದು ಬರೆದ ದಿನಚರಿಯನ್ನು ಯಾರೂ ನಂಬುವುದಿಲ್ಲ. ಮೂವತ್ತರಲ್ಲಿ ಎಂಟು ಒಳ್ಳೆಯವು, ಅದರ ಬೆನ್ನಿಗೇ ಬಿದ್ದುಕೊಂಡ ದಿನಗಳು ಎಂದು ತೋರಿಸಿದರೆ ಕಾಯಿಲೆಯ ಸ್ವಭಾವವೇ ಕಣ್ಣಿಗೆ ಕಟ್ಟುತ್ತದೆ. ಮಯಾಲ್ಜಿಕ್ ಎನ್‌ಸೆಫಲೊಮಯಲೈಟಿಸ್, ಅಂದರೆ ಕ್ರಾನಿಕ್ ಫೆಟೀಗ್ ಸಿಂಡ್ರೋಮ್ ಇರುವವರಿಗಂತೂ ಇದು ಪ್ರಾಣ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರ ವರದಿಯಲ್ಲಿ, ಶ್ರಮದ ನಂತರ ಲಕ್ಷಣಗಳು ಉಲ್ಬಣಿಸುವುದನ್ನು ಈ ರೋಗನಿರ್ಣಯಕ್ಕೆ ಇರಲೇಬೇಕಾದ ಲಕ್ಷಣವೆಂದು ಪಟ್ಟಿ ಮಾಡಿತು. ಆ ಕುಸಿತ ಅನೇಕರಲ್ಲಿ ಒಂದೆರಡು ದಿನ ತಡವಾಗಿ ಬರುತ್ತದೆ. ಶ್ರಮ ಪಟ್ಟ ದಿನವನ್ನೂ ಬಿದ್ದ ದಿನವನ್ನೂ ಜೋಡಿಸಿ ತೋರಿಸುವುದು ದಿನಚರಿ ಮಾತ್ರ.

ಒಂದು ಚಟುವಟಿಕೆ ‘ಆಗುತ್ತದೆ’ ಎಂದು ಬರೆಯುವ ಮುನ್ನ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ. ಅಪಾಯವಿಲ್ಲದೆ ಆಗುತ್ತದೆಯೇ? ಸರಿಯಾಗಿ ಆಗುತ್ತದೆಯೇ? ಬೇಕಾದಷ್ಟು ಸಲ ಆಗುತ್ತದೆಯೇ? ತಕ್ಕ ಹೊತ್ತಿನಲ್ಲಿ ಮುಗಿಯುತ್ತದೆಯೇ? ಇವು ಬ್ರಿಟನ್ನಿನ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎಂಬ ಸರ್ಕಾರಿ ನೆರವಿನ ನಿಯಮದಲ್ಲಿವೆ. ಖಾಸಗಿ ವಿಮೆಗೆ ಇವು ಬದ್ಧವಲ್ಲ, ಆದರೂ ಯೋಚಿಸಲು ಇದಕ್ಕಿಂತ ಒಳ್ಳೆಯ ಚೌಕಟ್ಟು ನಾನು ನೋಡಿಲ್ಲ. ಮೆಟ್ಟಿಲು ಹತ್ತಬಲ್ಲೆ ಎಂಬ ಉತ್ತರ, ಒಮ್ಮೆ ಹತ್ತಿದರೆ ಅಂದು ಮತ್ತೆ ಹತ್ತಲಾರೆ ಎಂಬ ಉತ್ತರವಾಗಿ ಬದಲಾಗುವುದು ಹೀಗೆ.

ಡಾಕ್ಟರ ಟಿಪ್ಪಣಿಯಲ್ಲಿ ಏನಿದೆ?

ಕ್ಲೇಮ್ ಹೆಚ್ಚಾಗಿ ಸೋಲುವುದು ಡಾಕ್ಟರ ಕೋಣೆಯಲ್ಲಿ, ಅದೂ ಯಾರ ದುರುದ್ದೇಶವೂ ಇಲ್ಲದೆ. ಡಾಕ್ಟರು ‘ಹೇಗಿದ್ದೀರಿ’ ಎನ್ನುತ್ತಾರೆ. ನಾವು ‘ಪರವಾಗಿಲ್ಲ ಡಾಕ್ಟ್ರೇ’ ಎನ್ನುತ್ತೇವೆ. ಅವರು ‘ರೋಗಿ ಆರಾಮಾಗಿದ್ದಾರೆ, ಸ್ಥಿತಿ ಸ್ಥಿರ’ ಎಂದು ಟೈಪ್ ಮಾಡುತ್ತಾರೆ. ಅವರ ಅರ್ಥದಲ್ಲಿ ಸ್ಥಿರವೆಂದರೆ ಹೋದ ತಿಂಗಳಿಗಿಂತ ಹದಗೆಟ್ಟಿಲ್ಲ ಎಂದಷ್ಟೇ. ವಿಮಾ ಕಂಪನಿಯ ಪರಿಶೀಲಕ ಅದನ್ನು ‘ಕೆಲಸಕ್ಕೆ ಅಡ್ಡಿಯಿಲ್ಲ’ ಎಂದು ಓದುತ್ತಾನೆ.

ಪ್ರತಿ ಭೇಟಿಗೂ ದಿನಚರಿಯಿಂದ ಅರ್ಧ ಪುಟದ ಸಾರ ತೆಗೆದುಕೊಂಡು ಹೋಗಿ, ಅದನ್ನು ಕಡತಕ್ಕೆ ಸೇರಿಸಲು ಕೇಳಿ. ವರ್ಷಕ್ಕೊಮ್ಮೆಯಾದರೂ ನಿಮ್ಮ ಕಡತದ ಪ್ರತಿ ತರಿಸಿ ಓದಿ. ತಪ್ಪು ಮಾಹಿತಿ ಇದ್ದರೆ ತಿದ್ದುಪಡಿ ಕೇಳಿ. ಭೇಟಿಗಳ ನಡುವೆ ದೊಡ್ಡ ಬಿಡುವು ಬೀಳದಂತೆ ನೋಡಿಕೊಳ್ಳಿ. ‘ಆರು ತಿಂಗಳು ಡಾಕ್ಟರ ಹತ್ತಿರ ಹೋಗಿಲ್ಲ’ ಎಂದರೆ ಕಾಯಿಲೆ ತೀವ್ರವಲ್ಲ ಎಂಬ ಅರ್ಥ ಬರುತ್ತದೆ. ಔಷಧ ನಿಲ್ಲಿಸಿದ್ದರೆ ಯಾಕೆಂಬುದೂ ದಾಖಲಾಗಲಿ.

ಡಾಕ್ಟರಿಂದ ಬೇಕಾದ್ದು ‘ಇವರು ಕೆಲಸ ಮಾಡಲು ಅಶಕ್ತರು’ ಎಂಬ ಒಂದು ಸಾಲಿನ ಸರ್ಟಿಫಿಕೇಟ್ ಅಲ್ಲ. ಕೂರುವ, ನಿಲ್ಲುವ, ಎತ್ತುವ, ಗಮನವಿಡುವ ಸಾಮರ್ಥ್ಯ ಎಷ್ಟು ನಿಮಿಷ, ಎಷ್ಟು ಗಂಟೆ, ಎಷ್ಟು ತೂಕ, ತಿಂಗಳಿಗೆ ಎಷ್ಟು ದಿನ ಗೈರುಹಾಜರಿ ನಿರೀಕ್ಷಿಸಬಹುದು, ಈ ಅಂದಾಜು ಯಾವ ತಪಾಸಣೆಯ ಮೇಲೆ ನಿಂತಿದೆ ಎಂಬ ವಿವರ ಬೇಕು. ಹೊರಗೆ ಐವತ್ತು ಜನ ಕಾಯುತ್ತಿರುವಾಗ ಅವರಿಗೆ ಇದನ್ನು ಬರೆಯಲು ಪುರುಸೊತ್ತಿರುವುದಿಲ್ಲ. ಪ್ರಶ್ನೆಗಳ ಪಟ್ಟಿಯನ್ನೂ ನಿಮ್ಮ ಕೆಲಸದ ವಿವರವನ್ನೂ ಮುಂಚೆಯೇ ಕಳಿಸಿ, ಇದಕ್ಕೆಂದೇ ಬೇರೆ ಸಮಯ ಕೇಳಿ. ಉತ್ತರಗಳನ್ನು ಮಾತ್ರ ಅವರ ಪಾಲಿಗೇ ಬಿಡಿ.

ಅಂಕಗಳ ವಿಷಯದಲ್ಲಿ ಒಂದು ಎಚ್ಚರಿಕೆ. ರೋಗದ ತೀವ್ರತೆಯನ್ನು ಅಳೆಯುವ ಮಾಪನಗಳು ಕೆಲಸದ ಸಾಮರ್ಥ್ಯವನ್ನು ಅಳೆಯುವುದಿಲ್ಲ. ರುಮಟಾಯ್ಡ್ ಸಂಧಿವಾತದ ಡಾಸ್-28 ಹೆಸರೇ ಹೇಳುವಂತೆ 28 ಕೀಲುಗಳನ್ನು ನೋಡುತ್ತದೆ, ಪಾದದ ಕೀಲುಗಳು ಆ ಎಣಿಕೆಯಲ್ಲಿಲ್ಲ. ಅಂಕ 2.6ಕ್ಕಿಂತ ಕಡಿಮೆಯಾಗಿ ‘ರೋಗ ಶಮನ’ ಎಂದು ಬರೆದಾಗಲೂ ಪಾದ ನೆಲಕ್ಕೂರಲಾಗದವರು ಇರಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಬಳಸುವ, ನರರೋಗ ತಜ್ಞ ಕರ್ಟ್ಸ್‌ಕೆ 1983ರಲ್ಲಿ ಪ್ರಕಟಿಸಿದ ಇಡಿಎಸ್ಎಸ್ ಮಾಪನ 0ರಿಂದ 10ರವರೆಗೆ ಹೋಗುತ್ತದೆ. ಅದರ ಮೇಲಿನ ಅರ್ಧ ಬಹುತೇಕ ನಡಿಗೆಯ ಮೇಲೆಯೇ ನಿಂತಿದೆ. 6 ಎಂದರೆ 100 ಮೀಟರ್ ನಡೆಯಲು ಊರುಗೋಲಿನಂಥ ಆಸರೆ ಬೇಕು. ನೆನಪು, ಆಯಾಸಗಳಿಂದಲೇ ಕೆಲಸ ಬಿಟ್ಟವರ ಅಂಕ 2 ಇರಬಹುದು. ಅಂಕ ಕಡಿಮೆಯಿದ್ದರೆ ಅದು ಏನನ್ನು ಅಳೆಯುವುದಿಲ್ಲ ಎಂದು ಡಾಕ್ಟರ ಪತ್ರದಲ್ಲೇ ಬರಲಿ.

ಕಾರ್ಯಸಾಮರ್ಥ್ಯವನ್ನು ನೇರವಾಗಿ ನೋಡುವ ಪರೀಕ್ಷೆಗಳೂ ಇವೆ. ಆರು ನಿಮಿಷದ ನಡಿಗೆ, ಹಿಡಿತದ ಬಲ, ನೆನಪು-ಗಮನಗಳನ್ನು ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ, ಫಿಸಿಯೋಥೆರಪಿಸ್ಟರು ಮಾಡುವ ಕಾರ್ಯಸಾಮರ್ಥ್ಯ ಮೌಲ್ಯಮಾಪನ ಇಂಥವು. ವಿಶ್ವ ಆರೋಗ್ಯ ಸಂಸ್ಥೆಯ ಹೂಡಾಸ್ 2.0 ಎಂಬ ಪ್ರಶ್ನಾವಳಿ ಆರು ವಿಭಾಗಗಳಲ್ಲಿ 36 ಪ್ರಶ್ನೆ ಕೇಳುತ್ತದೆ, 12 ಪ್ರಶ್ನೆಗಳ ಚಿಕ್ಕ ರೂಪವೂ ಇದೆ. ನ್ಯೂರೋಸೈಕಾಲಜಿ ಪರೀಕ್ಷೆಯಲ್ಲಿ ನೀವು ಪ್ರಾಮಾಣಿಕವಾಗಿ ಯತ್ನಿಸುತ್ತಿದ್ದೀರೋ ಎಂದು ನೋಡುವ ಭಾಗಗಳು ಒಳಗೇ ಸೇರಿರುತ್ತವೆ. ‘ಬೇಕೆಂದೇ ತಪ್ಪು ಮಾಡಿದರೆ ಒಳ್ಳೆಯದು’ ಎಂಬ ಸಲಹೆ ಕೊಡುವವರಿಂದ ದೂರವಿರಿ. ಎರಡು ದಿನ ಸತತ ಸೈಕಲ್ ತುಳಿಸಿ ಆಮ್ಲಜನಕದ ಬಳಕೆ ಅಳೆಯುವ ಪರೀಕ್ಷೆ ಎರಡನೆಯ ದಿನದ ಕುಸಿತವನ್ನು ಅಂಕಿಯಲ್ಲೇ ತೋರಿಸಬಲ್ಲದು, ಆದರೆ ಶ್ರಮದಿಂದ ಉಲ್ಬಣಿಸುವ ಕಾಯಿಲೆಯವರನ್ನು ವಾರಗಟ್ಟಲೆ ಮಲಗಿಸಲೂಬಲ್ಲದು. ನಿಮ್ಮ ಡಾಕ್ಟರನ್ನು ಕೇಳದೆ ಅದಕ್ಕೆ ಇಳಿಯಬೇಡಿ.

ಅರ್ಜಿ ತುಂಬುವಾಗ

‘ಯಾವಾಗಲೂ’, ‘ಎಂದಿಗೂ’ ಎಂಬ ಪದಗಳನ್ನು ಬಿಡಿ. ‘ಎಂದಿಗೂ ಹೊರಗೆ ಹೋಗುವುದಿಲ್ಲ’ ಎಂದು ಬರೆದವರ ಒಂದೇ ಒಂದು ಮದುವೆಮನೆಯ ಫೋಟೋ ಇಡೀ ಅರ್ಜಿಯನ್ನು ಸುಳ್ಳಾಗಿಸುತ್ತದೆ. ಹೌದು ಅಥವಾ ಇಲ್ಲ ಎಂಬ ಚೌಕದಲ್ಲಿ ಉತ್ತರ ಹಿಡಿಸದಿದ್ದರೆ ‘ಲಗತ್ತು ನೋಡಿ’ ಎಂದು ಬರೆದು ಹಾಳೆ ಸೇರಿಸಿ. ಒಂದಕ್ಕಿಂತ ಹೆಚ್ಚು ಕಾಯಿಲೆಗಳಿದ್ದರೆ ಎಲ್ಲವನ್ನೂ ಬರೆಯಿರಿ, ಒಂದೊಂದೂ ಸಣ್ಣದಾಗಿದ್ದು ಕೂಡಿದಾಗ ಮಾತ್ರ ಕೆಲಸ ಕೆಡಿಸಬಹುದು. ಮನೆಗೆಲಸ, ಅಡುಗೆಯ ಪ್ರಶ್ನೆಗಳಿಗೂ ಕೆಲಸದ ಪ್ರಶ್ನೆಗಳಿಗೂ ಉತ್ತರ ಒಂದಕ್ಕೊಂದು ತಾಳೆಯಾಗಲಿ. ಪೂರ್ತಿ ಅರ್ಜಿಯ ಪ್ರತಿ ಇಟ್ಟುಕೊಳ್ಳಿ, ಮುಂದಿನ ವರ್ಷ ಇದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ.

ಫೋನು, ತಪಾಸಣೆ, ಕ್ಯಾಮೆರಾ

ಕಂಪನಿಯಿಂದ ಬರುವ ಫೋನಿನ ದನಿ ಸ್ನೇಹದ್ದಾಗಿರುತ್ತದೆ, ಮಾತು ದಾಖಲಾಗುತ್ತಿರುತ್ತದೆ. ಆಡಿದ್ದನ್ನು ಅಂದೇ ಇಮೇಲಿನಲ್ಲಿ ಬರೆದು ಅವರಿಗೇ ಕಳಿಸಿ. ಪ್ರಶ್ನೆಗಳನ್ನು ಬರಹದಲ್ಲಿ ಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ, ತಲೆ ಮಂಜಾಗುವ ಕಾಯಿಲೆಯಿದ್ದರೆ ಕೇಳಲೇಬೇಕು.

ಅವರೇ ಗೊತ್ತುಮಾಡಿದ ವೈದ್ಯರ ತಪಾಸಣೆಗೆ ಕರೆದರೆ, ನಿರಾಕರಿಸಿದರೆ ಹಣ ನಿಲ್ಲಿಸುವ ಷರತ್ತು ಪಾಲಿಸಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೋಗಿ. ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಶುರುವಾದ ಹೊತ್ತು, ಮುಗಿದ ಹೊತ್ತು, ಮುಟ್ಟಿ ನೋಡಿದ್ದು ಏನು, ಕೇಳಿದ್ದು ಏನು, ಮನೆಗೆ ಬಂದ ಕೂಡಲೇ ಬರೆದಿಡಿ. ನಂತರದ ಮೂರು ದಿನಗಳ ದಿನಚರಿಯನ್ನಂತೂ ತಪ್ಪಿಸಬೇಡಿ, ತಪಾಸಣೆ ಮಾಡಿದವರಿಗೆ ಕಾಣದ ಭಾಗ ಅದೇ.

ಕಂಪನಿಗಳು ಸಾಮಾಜಿಕ ಜಾಲತಾಣ ನೋಡುತ್ತವೆ, ಕೆಲವೊಮ್ಮೆ ವಿಡಿಯೋ ಮಾಡಿಸುತ್ತವೆ. ಹೆದರಿ ಮನೆಯೊಳಗೆ ಅಡಗಬೇಕಿಲ್ಲ. ಅಂಗಡಿಯಿಂದ ಚೀಲ ಹೊತ್ತು ಬಂದ ಹತ್ತು ನಿಮಿಷದ ವಿಡಿಯೋ ಎಂಟು ಗಂಟೆ ದುಡಿಯಬಲ್ಲಿರೆಂದು ಸಾಬೀತು ಮಾಡುವುದಿಲ್ಲ, ಅರ್ಜಿಯಲ್ಲಿ ನೀವು ಚೀಲ ಹೊರುವುದೇ ಇಲ್ಲ ಎಂದು ಬರೆದಿರದಿದ್ದರೆ.

ಇಲ್ಲ ಎಂದು ಪತ್ರ ಬಂದರೆ

ಬಂದ ದಿನ ಉತ್ತರಿಸಬೇಡಿ. ಗಡುವಿನ ತಾರೀಕು ಬರೆದಿಟ್ಟು, ಎರಡು ವಿಷಯ ಕೇಳಿ: ತಿರಸ್ಕಾರದ ಕಾರಣಗಳು ಬರಹದಲ್ಲಿ, ಮತ್ತು ನಿಮ್ಮ ಕ್ಲೇಮಿನ ಪೂರ್ತಿ ಕಡತ. ಅವರ ವೈದ್ಯ ಸಲಹೆಗಾರರು ಏನು ಬರೆದಿದ್ದಾರೆ, ನಿಮ್ಮ ಡಾಕ್ಟರ ಯಾವ ಪುಟವನ್ನು ನೋಡಿಯೇ ಇಲ್ಲ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಮೇಲ್ಮನವಿಯಲ್ಲಿ ಹಳೆಯದನ್ನೇ ಗಟ್ಟಿ ದನಿಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಅವರು ಕೊಟ್ಟ ಒಂದೊಂದು ಕಾರಣಕ್ಕೂ ಒಂದೊಂದು ಹೊಸ ಪುರಾವೆ ಬೇಕು. ‘ವಸ್ತುನಿಷ್ಠ ಆಧಾರವಿಲ್ಲ’ ಎಂದಿದ್ದರೆ ಕಾರ್ಯಸಾಮರ್ಥ್ಯದ ಪರೀಕ್ಷೆ, ‘ಕೂತು ಮಾಡುವ ಕೆಲಸ ಸಾಧ್ಯ’ ಎಂದಿದ್ದರೆ ನಿಮ್ಮ ಕೆಲಸದ ವಿವರ ಮತ್ತು ಡಾಕ್ಟರ ನಿಮಿಷಗಳ ಲೆಕ್ಕ.

ಗಡುವು, ದಾರಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಉದ್ಯೋಗದಾತರ ಮೂಲಕ ಬಂದ ಹೆಚ್ಚಿನ ಪಾಲಿಸಿಗಳು ಉದ್ಯೋಗಿ ಸೌಲಭ್ಯಗಳ ಕುರಿತ 1974ರ ಎರಿಸಾ ಕಾನೂನಿನಡಿ ಬರುತ್ತವೆ. ಅಲ್ಲಿ ಮೇಲ್ಮನವಿಗೆ 180 ದಿನ ಸಿಗುತ್ತದೆ. ಮುಂದೆ ನ್ಯಾಯಾಲಯ ಸಾಮಾನ್ಯವಾಗಿ ಆಗ ಕಡತದಲ್ಲಿದ್ದ ದಾಖಲೆಗಳನ್ನಷ್ಟೇ ನೋಡುವುದರಿಂದ ಪುರಾವೆ ಕೊಡಲು ಅದೇ ಕೊನೆಯ ಅವಕಾಶವಾಗಿಬಿಡಬಹುದು. ಬ್ರಿಟನ್ನಿನಲ್ಲಿ ಕಂಪನಿಯ ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ದೂರು ಇತ್ಯರ್ಥ ಮಾಡುವ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬೇಕು. ಭಾರತದಲ್ಲಿ ಮೊದಲು ಕಂಪನಿಗೆ ಲಿಖಿತ ದೂರು, ಅದು ತಿರಸ್ಕೃತವಾದರೆ ಅಥವಾ ಒಂದು ತಿಂಗಳು ಉತ್ತರ ಬರದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್, ಅಲ್ಲಿ ಶುಲ್ಕವಿಲ್ಲ. ವಕೀಲರ ನೆರವು ಬೇಕಿದ್ದರೆ ಮೇಲ್ಮನವಿ ಸಲ್ಲಿಸುವ ಮುಂಚೆ ಹುಡುಕಿ, ಸೋತ ಮೇಲೆ ಅಲ್ಲ.

ಮಂಜೂರಾದ ಮೇಲೆ

ಹಣ ಬರಲು ಶುರುವಾದರೂ ಮರುಪರಿಶೀಲನೆಯ ಪತ್ರಗಳು ಬರುತ್ತಲೇ ಇರುತ್ತವೆ. ದಿನಚರಿಯನ್ನು ವಾರಕ್ಕೊಂದು ಪುಟಕ್ಕೆ ಇಳಿಸಿ, ನಿಲ್ಲಿಸಬೇಡಿ. 24 ತಿಂಗಳ ತಾರೀಕು ಇದ್ದರೆ ಅದಕ್ಕೆ ಆರು ತಿಂಗಳು ಮುಂಚೆ ಡಾಕ್ಟರಿಂದ ಹೊಸ ಪತ್ರ ತಯಾರಾಗಲಿ. ಈ ಸಲ ನಿಮ್ಮ ಹಳೆಯ ಕೆಲಸವೊಂದನ್ನೇ ಅಲ್ಲ, ಬೇರೆ ಹಗುರ ಕೆಲಸವೂ ಯಾಕೆ ಆಗದು ಎಂಬುದು ಅದರಲ್ಲಿರಬೇಕು. ಇಡಿಗಂಟು ಕೊಟ್ಟು ಕೈತೊಳೆದುಕೊಳ್ಳುತ್ತೇವೆ ಎಂದು ಕಂಪನಿ ಮುಂದೆ ಬಂದರೆ, ಉಳಿದ ವರ್ಷಗಳ ಲೆಕ್ಕ ಹಾಕಬಲ್ಲವರಿಗೆ ತೋರಿಸದೆ ಸಹಿ ಹಾಕಬೇಡಿ.

ಸ್ವಲ್ಪ ಚೇತರಿಸಿಕೊಂಡು ದಿನಕ್ಕೆರಡು ಗಂಟೆ ಕೆಲಸ ಮಾಡಿ ನೋಡೋಣ ಅನಿಸಿದರೆ, ಕಂಪನಿಗೆ ಮೊದಲೇ ಬರೆದು ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಿರಿ: ಗಳಿಸಿದ್ದರಲ್ಲಿ ಎಷ್ಟು ಕಳೆಯುತ್ತೀರಿ, ಎಷ್ಟು ತಿಂಗಳು ಪ್ರಯೋಗವೆಂದು ಪರಿಗಣಿಸುತ್ತೀರಿ, ಆಗದೆ ಹೋದರೆ ಹೊಸ ಕಾಯುವ ಅವಧಿಯಿಲ್ಲದೆ ಹಳೆಯ ಕ್ಲೇಮ್ ಮುಂದುವರಿಯುತ್ತದೆಯೇ. ಉತ್ತರ ಬರಹದಲ್ಲಿ ಕೈಸೇರುವವರೆಗೆ ಕೆಲಸಕ್ಕೆ ಹೋಗಲು ಒಪ್ಪಿಕೊಳ್ಳಬೇಡಿ.